ನಮ್ಮ ಪ್ರಾಂತದ ಪಾಠಶಾಲೆಗಳೂ ಸರ್ವಜನಪ್ರವೇಶವೂ

ಸರಕಾರಿ ಪಾಠಶಾಲೆಯು ಸರ್ವರ ಸ್ವತ್ತೆಂಬುದು ಇಂದು ಬಾಲಕರಿಗೂ ತಿಳಿದ ಮಾತು. ಕನ್ನಡನಾಡಿನಲ್ಲಿ ಇದು ವಾದಕ್ಕೆ ಬಂದುದು 1856ರಲ್ಲಿ, ಧಾರವಾಡದಲ್ಲಿ. ಮಹಾರ ಜಾತಿಯ ಬಾಲಕನೊಬ್ಬನು, ಶುಲ್ಕವನ್ನು ತೆರಲು ಸಿದ್ಧನಾಗಿದ್ದರೂ ತನ್ನನ್ನು ಸರಕಾರಿ ಶಾಲೆಗೆ ಸೇರಿಸಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿಯನ್ನು ಬರೆದುಕೊಂಡನು. ನ್ಯಾಯವು ಅವನ ಪಕ್ಷದಲ್ಲಿರುವುದೆಂದು ಸರಕಾರವು ಒಪ್ಪಿತು. ಆದರೂ ಅವನೊಬ್ಬನನ್ನು ಸೇರಿಸಿಕೊಂಡರೆ ಮಿಕ್ಕವರಿಗೆಲ್ಲ ಶಾಲೆಯು ನಿರುಪಯೋಗವಾಗುವುದೆಂದು ಹೆದರಿ ಅರ್ಜಿಯನ್ನು ತಳ್ಳಿಹಾಕಿತು. ಸರಕಾರಿ ಶಾಲೆಗಳು ಸಮಸ್ತ ವರ್ಗದವರಿಗೂ ಸೇರಿದುವೆಂದು 1858ರಲ್ಲಿ ಲಂಡನ್ನಿನ ಕಂಪೆನಿಯ ನಿರ್ದೇಶಕರು ಬರೆದರು. ಬರೆದುದು ನಡೆಯಿತೆಂದು ಹೇಳುವಂತಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದುವು. ದಾವಣಗೆರೆ ಜಿಲ್ಲೆಯಾದುದು 1997ರಲ್ಲಿ. ಸಂಸ್ಥಾನದಲ್ಲಿಯೂ ಪಂಚಮರಿಗೆ ಬೇರೆ ಶಾಲೆಗಳನ್ನು ತೆರೆಯುವುದೇ ಪದ್ಧತಿಯಾಗಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, 1915ರ ಸುಮಾರಿಗೆ, ಜಾತಿಯ ಕಾರಣದಿಂದ ಯಾರನ್ನೂ ಸರಕಾರಿ ಶಾಲೆಯಿಂದ ಹೊರಗಿಡಕೂಡದೆಂಬ ನೀತಿಯು ಜಾರಿಗೆ ಬಂದಿತು. ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾದ ಸಿ. ಆರ್. ರೆಡ್ಡಿಯವರು ಮುಂದೆ ಅದನ್ನು ಬಿಗಿಯಾಗಿ ನಡೆಯಿಸಿದರು. ಪ್ರತಿಭಟನೆಗಳು ಆದುವು. ಕೆಲವೆಡೆ ತಾಯಿತಂದೆಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಧಾರವಾಡದಲ್ಲಿ ಸರಕಾರವು ಯಾವುದಕ್ಕೆ ಹೆದರಿತ್ತೋ ಅದು ಇಲ್ಲಿ ಕಣ್ಣೆದುರಿಗೇ ನಡೆಯಿತು. ಆದರೆ ಬಾಗಿಲನ್ನು ಮತ್ತೆ ಮುಚ್ಚಲಿಲ್ಲ.

ಬಾಗಿಲು ತೆರೆದ ಮಾತ್ರಕ್ಕೆ ಮಗುವು ಒಳಗೆ ಬಂದೀತೆ? ಜಗಳೂರಿನಂತಹ ಬರದ ಸೀಮೆಯ ಬಡವನ ಮಗನಿಗೆ ಪೇಟೆಯಲ್ಲಿ ತಂಗುವ ಮನೆಯಿಲ್ಲ, ಉಣ್ಣುವ ಅನ್ನವಿಲ್ಲ. ಆದುದರಿಂದ ನನ್ನ ಎಣಿಕೆಯಲ್ಲಿ ಆಜ್ಞೆಗಿಂತಲೂ ಹೆಚ್ಚಿನ ಕೆಲಸವನ್ನು ಮಾಡಿದುವು ವಿದ್ಯಾರ್ಥಿನಿಲಯಗಳು. 1934ರಲ್ಲಿ ಗಾಂಧೀಜಿಯವರು ಹರಿಜನ ಯಾತ್ರೆಯಲ್ಲಿ ದಾವಣಗೆರೆಗೆ ಬಂದಾಗ ಹರಿಜನ ವಿದ್ಯಾರ್ಥಿನಿಲಯಕ್ಕೆ ಅಸ್ತಿಭಾರವನ್ನಿಟ್ಟರು. ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು ಹಳ್ಳಿಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯಿಸಿ, ಜಾತಿಯನ್ನೆಣಿಸದೆ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಉಣಬಡಿಸಿದರು. ಪಕ್ಕದಲ್ಲಿ ಕುಳಿತು ಅಕ್ಷರವನ್ನು ಬರೆಯುವುದಕ್ಕಿಂತ ಪಕ್ಕದಲ್ಲಿ ಕುಳಿತು ಉಣ್ಣುವುದೇ ಕಠಿಣವಾಗಿದ್ದ ಕಾಲವದು.

1950ರ ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿತು. 2002ರಲ್ಲಿ ಮೊದಲಾದ ಶಾಲೆಯ ಬಿಸಿಯೂಟಕ್ಕೆ ಸರಕಾರವು ಅಕ್ಷರ ದಾಸೋಹವೆಂದೇ ಹೆಸರಿಟ್ಟಿತು. ಮಠದವರಿಗೆ ಸಂತೋಷದ ಸಂಗತಿ. ಆದರೆ ಅಡುಗೆಯಾಕೆಯ ಜಾತಿಯನ್ನು ವಿಚಾರಿಸಿ ಮಕ್ಕಳನ್ನು ಬಿಡಿಸಿಕೊಂಡ ವಾರ್ತೆಗಳು ನಮ್ಮ ನಾಡಿನ ಪತ್ರಿಕೆಗಳಲ್ಲಿ ಈಚೆಗೂ ಬಂದಿರುವುವು.

ಇಂದು ಸರಕಾರಿ ಶಾಲೆಯ ಬಾಗಿಲಿನಲ್ಲಿ ಯಾರನ್ನೂ ತಡೆಯುವವರಿಲ್ಲ. ಒಳಗಿದ್ದವರೇ ಎದ್ದು ಹೊರಟಿರುವರು. ಹಿಂದೆ ಊರಿನ ಶಾಲೆಗೆ ನೆಲವನ್ನೂ ತೊಲೆಜಂತಿಗಳನ್ನೂ ಕೊಟ್ಟ ಮನೆತನಗಳ ಮಕ್ಕಳು ಬೆಳಗಾದರೆ ಬಸ್ಸನ್ನೇರಿ ಪೇಟೆಯ ಶುಲ್ಕದ ಶಾಲೆಗೆ ಹೋಗುತ್ತಿರುವುದನ್ನು ನಾವು ದಿನವೂ ನೋಡುತ್ತಿದ್ದೇವೆ.