ಮೂಗು ನಾಯಿಯದು, ಸುಳಿವು ಯಾರದು?

2020ರ ಜುಲೈನಲ್ಲಿ ದಾವಣಗೆರೆ ಪೊಲೀಸರ ಡಾಬರ್‌ಮನ್ ನಾಯಿ ತುಂಗಾ ಕೊಲೆಯೊಂದರ ಜಾಡು ಹಿಡಿದು ಹತ್ತು ಕಿ.ಮೀ.ಗೂ ಹೆಚ್ಚು ದೂರ ಓಡಿದ್ದು ನಿಮಗೆ ನೆನಪಿರಬಹುದು. ಇಂಥ ಸುದ್ದಿಗಳಲ್ಲಿ ನಾವು ಮೂಗನ್ನು ಹೊಗಳುತ್ತೇವೆ. ಹಗ್ಗದ ಇನ್ನೊಂದು ತುದಿಯಲ್ಲಿರುವ ಮನುಷ್ಯನನ್ನು ಗಮನಿಸುವುದಿಲ್ಲ.

ಅವನ ಪಾತ್ರವನ್ನು ಬಯಲಿಗೆ ತಂದದ್ದು ಒಂದು ಕುದುರೆ! ಬರ್ಲಿನ್ನಿನ ಹಾನ್ಸ್ ಲೆಕ್ಕ ಮಾಡುತ್ತದೆಂದು ಜನ ನಂಬಿದ್ದರು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವನಿಗೆ ಉತ್ತರ ತಿಳಿಯದಿದ್ದರೆ ಕುದುರೆಯೂ ತಪ್ಪುತ್ತಿತ್ತು. ಅದು ಓದುತ್ತಿದ್ದುದು ಅವನ ತಲೆಯ ಅತಿ ಸೂಕ್ಷ್ಮ ಚಲನೆಯನ್ನು.

ಸಾಕುನಾಯಿಗಳಿಗೆ ‘ನೋಸ್ ವರ್ಕ್’ ತರಗತಿಗಳು 2006ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದವು. ಮೊದಲು ರಟ್ಟಿನ ಪೆಟ್ಟಿಗೆಯಲ್ಲಿ ತಿನಿಸು, ಬಳಿಕ ಲವಂಗದಂಥ ವಾಸನೆ. ಒಡೆಯನಿಗೆ ಕಷ್ಟದ ಪಾಠವೆಂದರೆ ಸುಮ್ಮನಿರುವುದು.

ಪಳಗಿದವರಿಗೂ ಅದು ಸುಲಭವಲ್ಲ. 2011ರಲ್ಲಿ ಪ್ರಕಟವಾದ ಲೀಸಾ ಲಿಟ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, 18 ಪತ್ತೆನಾಯಿಗಳು ತಮ್ಮ ಒಡೆಯರೊಂದಿಗೆ ಕೋಣೆಗಳನ್ನು ಶೋಧಿಸಿದವು. ಅಲ್ಲಿ ಮಾದಕವಸ್ತುವಾಗಲಿ ಸ್ಫೋಟಕವಾಗಲಿ ಇರಲೇ ಇಲ್ಲ! ಆದರೂ 144 ಶೋಧಗಳಲ್ಲಿ ಸುಳ್ಳು ಸುಳಿವಿಲ್ಲದವು 21 ಮಾತ್ರ. ಒಡೆಯರು ವಸ್ತುವಿದೆಯೆಂದು ನಂಬಿದ್ದ ಕೆಂಪು ಕಾಗದದ ಬಳಿ ಸುಳಿವುಗಳು ಹೆಚ್ಚಿದ್ದವು. ಸಂಕೇತ ಒಡೆಯನಿಂದ ನಾಯಿಗೆ ಹೋಯಿತೋ, ನಾಯಿ ತೋರದ್ದನ್ನು ಒಡೆಯನೇ ಕಂಡನೋ, ಪ್ರಯೋಗದಿಂದ ಬೇರ್ಪಡಿಸಲಾಗಲಿಲ್ಲ. ಶೋಧಕ್ಕೊಳಗಾದ ನಿರಪರಾಧಿಗೆ ಎರಡೂ ಒಂದೇ.

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಅಂಗಳದಲ್ಲೂ ಇದನ್ನು ಪರೀಕ್ಷಿಸಬಹುದು. ಒಂದು ಸಾಧು ನಾಯಿ, ಐದು ಪೆಟ್ಟಿಗೆ, ಉಪ್ಪಿಲ್ಲದ ಹಿಡಿ ಹುರಿದ ಶೇಂಗಾ ಸಾಕು. ಶೇಂಗಾ ಇಟ್ಟವನು ಐದನ್ನೂ ಸಮನಾಗಿ ಮುಟ್ಟಿ ಹೊರಗೆ ಹೋಗಲಿ. ಒಮ್ಮೆ ಒಡೆಯನಿಗೆ ಏನೂ ಹೇಳದೆ, ಇನ್ನೊಮ್ಮೆ ಬೇಕೆಂದೇ ತಪ್ಪು ಪೆಟ್ಟಿಗೆ ತೋರಿಸಿ ಹುಡುಕಿಸಿ. ಫಲಿತಾಂಶ ಬರೆದುಕೊಳ್ಳುವವನಿಗೂ ಸರಿಯುತ್ತರ ತಿಳಿದಿರಬಾರದು.