ವಿಮಾನದ ದೂರ ಮತ್ತು ಪ್ರಯಾಣದ ಸಮಯ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಯೊಂದರಲ್ಲಿ ಸಾವು ಸಂಭವಿಸಿದಾಗ, ಅಮೆರಿಕದಲ್ಲಿರುವ ಮಗನೋ ಮಗಳೋ ಎಷ್ಟು ಹೊತ್ತಿಗೆ ತಲುಪುತ್ತಾರೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ಅಂತ್ಯಕ್ರಿಯೆಯ ಸಮಯ ಈ ಲೆಕ್ಕವನ್ನೇ ಅವಲಂಬಿಸಿದೆ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ವಾಯುಮಾರ್ಗದ ದೂರ ಸುಮಾರು 14,000 ಕಿ.ಮೀ. ಭೂಮಿ ದುಂಡಗಿರುವುದರಿಂದ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ ಹಾದುಬರುತ್ತದೆ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಇದೇ ದಾರಿಯಲ್ಲಿ ಸುಮಾರು 17 ಗಂಟೆ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಹಾರಿದ್ದು ಒಂದು ದಿನಕ್ಕಿಂತ ಕಡಿಮೆ. ತಾರೀಕು ಮಾತ್ರ ಎರಡು ಮುಂದೆ ಹೋಯಿತು. ಕಾರಣ, ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದಿರುತ್ತದೆ.

ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಕಾಯುವ ಗಂಟೆಗಳನ್ನೂ ಸೇರಿಸಬೇಕು. ಬೆಂಗಳೂರಿನಲ್ಲಿ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಎಂದು ಒಂದೆರಡು ತಾಸು ಹೋಗುತ್ತದೆ. ಅಲ್ಲಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ವಾಯುಮಾರ್ಗದಲ್ಲಿ ಸುಮಾರು 450 ಕಿ.ಮೀ. ಹಾರಾಟ ಒಂದು ತಾಸಿನ ಆಸುಪಾಸು. ಆದರೆ ಆ ವಿಮಾನಕ್ಕಾಗಿ ಕಾಯುವುದೇ ಅದಕ್ಕಿಂತ ಹೆಚ್ಚಾಗಬಹುದು. ಸಾಂಬ್ರಾದಿಂದ ಊರಿಗೆ ಮತ್ತೆ ರಸ್ತೆ ಪ್ರಯಾಣ.

ಆದ್ದರಿಂದ ಫೋನಿನಲ್ಲಿ "ಎಷ್ಟು ಗಂಟೆಯ ಪ್ರಯಾಣ?" ಎಂದು ಕೇಳಿ ಲೆಕ್ಕ ಹಾಕಬೇಡಿ. ಕೊನೆಯ ಟಿಕೆಟ್‌ನಲ್ಲಿ ಇಳಿಯುವ ದಿನಾಂಕ ಮತ್ತು ವೇಳೆ ಏನೆಂದು ಕೇಳಿ. ಅಲ್ಲಿ ಮುದ್ರಿತವಾಗಿರುವುದು ಇಳಿಯುವ ಊರಿನ, ಅಂದರೆ ನಮ್ಮದೇ ಗಡಿಯಾರದ ಸಮಯ. ಅದಕ್ಕೆ ರಸ್ತೆಯ ಹೊತ್ತನ್ನು ಕೂಡಿಸಿ ಅಂತ್ಯಕ್ರಿಯೆಯ ಸಮಯ ನಿಗದಿಮಾಡಿದರೆ, ಬರುವವರಿಗೆ ಕೊನೆಯ ದರ್ಶನ ತಪ್ಪುವುದಿಲ್ಲ.