ಕಣ್ಮರೆಯಾಗದ ಕನ್ನಡ: ಅಕ್ಕಲಕೋಟೆ, ಮಂಗಳವೇಢೆ ಮತ್ತು ಸೊಲ್ಲಾಪುರ ಪೇಟೆ

ಇಂದಿನ ಮಹಾರಾಷ್ಟ್ರದ ನೆಲದಲ್ಲಿ ಹಿಂದೆ ಕನ್ನಡ ವ್ಯಾಪಕವಾಗಿತ್ತು, ಕ್ರಮೇಣ ಅಳಿಯಿತು ಎಂಬ ವಿಚಾರಕ್ಕೆ ಗಟ್ಟಿ ನೆಲೆ ಒದಗಿಸಿದವರು ಶಂಬಾ ಜೋಶಿ. ಊರ ಹೆಸರುಗಳ ಜಾಡು ಹಿಡಿದು ‘ಕಣ್ಮರೆಯಾದ ಕನ್ನಡ’ದಲ್ಲಿ ಅವರು ಹಾಕಿಕೊಟ್ಟ ದಾರಿಯಲ್ಲೇ ಗಡಿ ಪ್ರದೇಶದ ಕನ್ನಡ ಅಧ್ಯಯನ ಬಹುಕಾಲ ನಡೆದಿದೆ. ಆ ವಾದದ ಮುಖ್ಯಾಂಶವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಅಳಿದದ್ದನ್ನು ಹುಡುಕುವ ಉತ್ಸಾಹದಲ್ಲಿ ಉಳಿದದ್ದರ ವಿಚಾರಣೆ ಹಿಂದೆ ಬಿತ್ತು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಕನ್ನಡ ಇಂದಿಗೂ ಮನೆಮಾತು, ಹೊಲದ ಮಾತು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇನ್ನೂ ನಡೆಯುತ್ತಿವೆ. ಅದೇ ಜಿಲ್ಲೆಯ ಮಂಗಳವೇಢೆ, ಒಂದು ಕಾಲಕ್ಕೆ ಕಳಚುರಿ ಬಿಜ್ಜಳನ ನೆಲೆ, ಇಂದು ಬಹುಮಟ್ಟಿಗೆ ಮರಾಠಿ ಊರು. ಎರಡಕ್ಕೂ ಇತಿಹಾಸದ ಬಂಡವಾಳ ಹೆಚ್ಚುಕಡಿಮೆ ಒಂದೇ ಆಗಿರುವಾಗ ಒಂದು ಕಡೆ ಭಾಷೆ ಏಕೆ ನಿಂತಿತು, ಇನ್ನೊಂದು ಕಡೆ ಏಕೆ ಸರಿಯಿತು?

ಪ್ರದೇಶದ ಸ್ಥೂಲ ಪರಿಚಯ ವಿವಾದಾತೀತ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ.; ಅದರಲ್ಲೂ ಸೆಪ್ಟೆಂಬರದ್ದೇ ದೊಡ್ಡ ಪಾಲು. ಎರೆಭೂಮಿಯ ತೇವ ನೆಚ್ಚಿ ಬಿತ್ತುವ ಹಿಂಗಾರಿ ಬಿಳಿಜೋಳವೇ ಜೀವಾಳ. ದಕ್ಷಿಣ ಸೊಲ್ಲಾಪುರ ಸೀನಾ-ಭೀಮೆಯರ ನಡುವೆ ಇದೆ. ಅಕ್ಕಲಕೋಟೆಯನ್ನು ಬೋರಿ ನದಿ ಹಾಯ್ದು ಭೀಮೆಗೆ ಸೇರುತ್ತದೆ. ಸೊಲ್ಲಾಪುರ ನಗರದ ಕಥೆ ಬೇರೆ. 1877ರಲ್ಲಿ ಕೆಲಸ ಶುರುಮಾಡಿದ, ಜನ ‘ಜುನೀ ಮಿಲ್’ ಎಂದು ಕರೆದ ಗಿರಣಿಯಿಂದ ಅದು ಜವಳಿ ನಗರವಾಯಿತು. ತೆಲಂಗಾಣದ ಪದ್ಮಶಾಲಿ ನೇಕಾರರು ಬಂದು ನೆಲೆಸಿದರು. ಚಾದರ, ಟವೆಲ್, ಬೀಡಿ ಊರಿನ ಗುರುತಾದವು. ಮರಾಠಿ, ತೆಲುಗು, ಕನ್ನಡ, ದಖನಿ ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಕೇಳುವ ಈ ನಗರದ ಆರ್ಥಿಕ ಜೀವನವನ್ನು ಧ.ರಾ. ಗಾಡ್ಗೀಳರು ವಿಸ್ತಾರವಾಗಿ ಅಭ್ಯಾಸ ಮಾಡಿದ್ದಾರೆ.

ಚರ್ಚೆ ಶುರುವಾಗುವುದು ಮಹಾಜನ ಆಯೋಗದಿಂದ. 1966ರಲ್ಲಿ ನೇಮಕಗೊಂಡು 1967ರಲ್ಲಿ ವರದಿ ಕೊಟ್ಟ ಆಯೋಗ ಅಕ್ಕಲಕೋಟೆ ತಾಲೂಕನ್ನು ಪೂರ್ತಿಯಾಗಿ, ದಕ್ಷಿಣ ಸೊಲ್ಲಾಪುರದ 65 ಹಳ್ಳಿಗಳನ್ನು, ಜತ್ತ ತಾಲೂಕಿನ 44 ಹಳ್ಳಿಗಳನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಸೊಲ್ಲಾಪುರ ನಗರವನ್ನು ಮಹಾರಾಷ್ಟ್ರದಲ್ಲೇ ಬಿಟ್ಟಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ವಿಷಯ ಇಲ್ಲಿ ಬೇಡ. ಆಯೋಗದ ರೇಖೆಯ ಹಿಂದಿದ್ದ, ಕನ್ನಡ ಪಕ್ಷದವರೂ ಮರಾಠಿ ಪಕ್ಷದವರೂ ಸಮಾನವಾಗಿ ಒಪ್ಪಿದ ಒಂದು ನಂಬಿಕೆಯನ್ನು ಮಾತ್ರ ಪರೀಕ್ಷಿಸುತ್ತೇನೆ: ಕನ್ನಡ ಇರುವುದು ಹಳ್ಳಿಯಲ್ಲಿ, ಪೇಟೆ ಅದನ್ನು ಕರಗಿಸುವ ಜಾಗ.

ಉಳಿವಿಗೆ ಸಾಮಾನ್ಯವಾಗಿ ಕೊಡುವ ಮೊದಲ ಕಾರಣ ಪ್ರಾಚೀನತೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರರು ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳಲ್ಲಿ ಕನ್ನಡದವೇ ಹೆಚ್ಚು. ಆದರೆ ಶಾಸನದ ಭಾಷೆ ಬರೆಸಿದ ಅಧಿಕಾರದ ಭಾಷೆ. ಉಳುವವನ ಭಾಷೆಯೂ ಅದೇ ಎನ್ನಲು ಬೇರೆ ಆಧಾರ ಬೇಕು. ಸೀನಾ-ಭೀಮಾ ಸಂಗಮದ ಹತ್ತರಸಂಗ-ಕೂಡಲದ ಸಂಗಮೇಶ್ವರ ಗುಡಿಯಲ್ಲಿ ಶಕ 940, ಎಂದರೆ ಕ್ರಿ.ಶ. 1018ರದೆಂದು ಓದಲಾದ ಮರಾಠಿ ಬರಹವಿದೆ. ಅತ್ಯಂತ ಹಳೆಯ ಮರಾಠಿ ಬರಹಗಳಲ್ಲಿ ಅದಕ್ಕೆ ಸ್ಥಾನ ಕೊಡುವವರಿದ್ದಾರೆ, ಅದು ಇರುವುದು ಇಂದಿಗೂ ಕನ್ನಡ ಮಾತಾಡುವ ಸೀಮೆಯಲ್ಲಿ! ಪ್ರಾಚೀನತೆಯೇ ಪ್ರಮಾಣವಾದರೆ ಎರಡೂ ಪಕ್ಷಗಳಿಗೆ ಸಾಕ್ಷಿ ಸಿಗುತ್ತದೆ. ಅದೂ ಅಲ್ಲದೆ ಬಿಜ್ಜಳನ ಮಂಗಳವೇಢೆಗೆ ಆ ಪ್ರಾಚೀನತೆ ಆಸರೆಯಾಗಲಿಲ್ಲ.

ಎರಡನೆಯದು ರಾಜಕೀಯ ಕಾರಣ. ಅಕ್ಕಲಕೋಟೆಯನ್ನು ಶಾಹೂ ಮಹಾರಾಜರು ದತ್ತಕ್ಕೆ ಪಡೆದ ಫತೇಸಿಂಹ ಭೋಸಲೆಯ ಮನೆತನ 1948ರ ವಿಲೀನದವರೆಗೆ ಆಳಿತು. ಮಂಗಳವೇಢೆ ಸಾಂಗ್ಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಎರಡೂ ಕಡೆ ದರ್ಬಾರು ಮರಾಠಿಯದೇ, ಫಲಿತ ಮಾತ್ರ ಬೇರೆ. ಆಳ್ವಿಕೆಯ ಭಾಷೆಯಿಂದ ಈ ವ್ಯತ್ಯಾಸ ಬಿಡಿಸಲು ಆಗದು.

ಮೂರನೆಯದು ಬೇಸಾಯ. ಒಣಬೇಸಾಯದಲ್ಲಿ ಹೊರಗಿನವರ ವಲಸೆ ಕಡಿಮೆ, ಹಾಗಾಗಿ ಮನೆಮಾತು ಉಳಿಯುತ್ತದೆ ಎಂಬುದು ಆಕರ್ಷಕ ಊಹೆ. ಆದರೆ ಮಾಲದಂಡಿ ಜೋಳಕ್ಕೆ ಹೆಸರಾದದ್ದು ಮಂಗಳವೇಢೆಯೇ. ಅಲ್ಲಿಯ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಎರೆಯೂ ಅದೇ, ಹಿಂಗಾರಿಯೂ ಅದೇ. ಉಜನಿ ಅಣೆಕಟ್ಟಿನ ನೀರು ಕಬ್ಬು ತಂದಿತು, ಕಬ್ಬು ಹೊರಗಿನ ಆಳು ತಂದಿತು ಎನ್ನಬಹುದೇನೋ. ಆದರೆ ಆ ಅಣೆಕಟ್ಟು ಮುಗಿದದ್ದು 1980ರಲ್ಲಿ, ಭಾಷಾನಕ್ಷೆ 1967ರ ವರದಿಯಲ್ಲೇ ಸ್ಪಷ್ಟವಾಗಿತ್ತು. ಕಾರಣ ಪರಿಣಾಮಕ್ಕಿಂತ ತಡವಾಗಿ ಹುಟ್ಟಲಾರದು.

ಹಾಗಾದರೆ ಉಳಿಯುವುದು ದಿಕ್ಕಿನ ಪ್ರಶ್ನೆ: ಜನ ಸಂತೆಗೆ, ಜಾತ್ರೆಗೆ, ಮಠಕ್ಕೆ, ಹೆಣ್ಣು ತರಲು ಯಾವ ಕಡೆಗೆ ಹೋಗುತ್ತಿದ್ದರು? ಮಂಗಳವೇಢೆಯ ಹತ್ತಿರದ ದೊಡ್ಡ ಕ್ಷೇತ್ರ ಪಂಢರಪುರ. ಚೋಖಾಮೇಳ, ದಾಮಾಜಿ, ಕಾನ್ಹೋಪಾತ್ರಾ ಈ ಮೂವರನ್ನೂ ವಾರಕರಿ ಪರಂಪರೆ ಮಂಗಳವೇಢೆಯೊಂದಿಗೆ ಜೋಡಿಸಿದೆ; ಊರಿನ ಭಕ್ತಿಯ ಮಾತೇ ಮರಾಠಿಯಾಯಿತು. ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಅದೇ ತಾಲೂಕಿನ ದಕ್ಷಿಣದ ಹುಲಜಂತಿಯಲ್ಲಿ ಹಾಲುಮತದ ಮಹಾಳಿಂಗರಾಯನ ಗುಡಿಯಿದೆ. ದೀಪಾವಳಿಗೆ ಅಲ್ಲಿ ಪಲ್ಲಕ್ಕಿಗಳು ಕೂಡುವಾಗ ಕನ್ನಡ ಸೀಮೆಯ ಕುರುಬರು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ, ಆ ಭಾಗದಲ್ಲಿ ಕನ್ನಡವೂ ಉಳಿದಿದೆ. ತಾಲೂಕನ್ನು ಒಂದೇ ಘಟಕವೆಂದು ಎಣಿಸಿದರೆ ಈ ಅಂಶ ಕಾಣುವುದೇ ಇಲ್ಲ. ಆದರೆ ದಿಕ್ಕಿನ ವಾದಕ್ಕೆ ಅದು ಪುಷ್ಟಿಯೇ: ಪಂಢರಪುರದ ಕಡೆ ಮುಖಮಾಡಿದ ಭಾಗ ಮರಾಠಿಯಾಯಿತು, ಹುಲಜಂತಿಯ ಕಡೆ ಮುಖಮಾಡಿದ ಭಾಗ ಆಗಲಿಲ್ಲ.

ಅಕ್ಕಲಕೋಟೆಯ ಪೂರ್ವಕ್ಕೆ ಆಳಂದ, ಅಫಜಲಪುರ. ನಡುವೆ ದಾಟಲು ದೊಡ್ಡ ನದಿಯಿಲ್ಲ. ಹೊಲಕ್ಕೆ ಹೊಲ ಅಂಟಿದೆ. ಭೀಮೆಯಾಚೆ ಇಂಡಿ. 1948ರವರೆಗೆ ಪೂರ್ವದ ಗಡಿ ನಿಜಾಮನ ಸೀಮೆಯದು, ಸುಂಕದ ಕಟ್ಟೆಯೂ ಇತ್ತು. ಆದರೂ ಬೀಗತನ ನಿಲ್ಲಲಿಲ್ಲ. ಸೊಲ್ಲಾಪುರದಿಂದ ಕಲಬುರಗಿಯ ಕಡೆಗೆ ರೈಲು ಹೋದ ಮೇಲೆ ಗಡಿಯಂಚಿನ ದುಧನಿ ಧಾನ್ಯದ ಪೇಟೆಯಾಗಿ ಬೆಳೆಯಿತು. ತೊಗರಿ ಚೀಲ ಹೇರಿಕೊಂಡು ಆಳಂದದ ಕಡೆಯ ರೈತ ದುಧನಿಯ ಅಡತಿಗೆ ಬಂದಾಗ ಕೊಡುವವನದೂ ಕೊಳ್ಳುವವನದೂ ಒಂದೇ ಮಾತು.

ಇಷ್ಟನ್ನು ಅನೇಕರು ಒಪ್ಪಬಹುದು. ಮುಂದಿನ ಮಾತಿಗೆ ಒಪ್ಪಿಗೆ ಸುಲಭವಲ್ಲ. ಅಕ್ಕಲಕೋಟೆಯ ಕನ್ನಡ ಉಳಿಯಲು ಪೂರ್ವದ ಕನ್ನಡ ಸೀಮೆಯಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಪಶ್ಚಿಮದ ಸೊಲ್ಲಾಪುರ ನಗರ ಕಾರಣ ಎಂಬುದು ನನ್ನ ವಾದ. ಮಂಗಳವೇಢೆಯವರ ದೊಡ್ಡ ಕ್ಷೇತ್ರ ಮರಾಠಿಯದಾಗಿತ್ತು. ಅಕ್ಕಲಕೋಟೆಯ ಹಳ್ಳಿಗರು ಪೇಟೆಗೆ ಹೋದರೂ ಕನ್ನಡದ ದೈವವೊಂದು ಎದುರಾಗುತ್ತಿತ್ತು: ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮ, ಸೊನ್ನಲಿಗೆಯ ಸಿದ್ಧೇಶ್ವರ. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಸಿದ್ಧರಾಮ ಸ್ಥಾಪಿಸಿದನೆಂಬ 68 ಲಿಂಗಗಳನ್ನು ಸುತ್ತುತ್ತವೆ. ಅದೇ ಹೊತ್ತಿಗೆ ದನದ ಸಂತೆ, ಕೃಷಿ ಸಾಮಾನಿನ ವ್ಯಾಪಾರ. ಲಿಂಗಾಯತ ವ್ಯಾಪಾರಿಗಳ ಅಂಗಡಿಗಳು ಹಳ್ಳಿಯವರಿಗೆ ಪೇಟೆಯಲ್ಲಿ ಮಾತಾಡುವ ಬಾಗಿಲಾದವು. ನಗರದ ಕನ್ನಡ ಬರೀ ಹಳ್ಳಿಯ ಉಳಿಕೆಯಾಗಿದ್ದರೆ ಸಿದ್ಧರಾಮನ ಪುರಾಣವನ್ನು ಮತ್ತೆ ಕಾವ್ಯವಾಗಿಸಿದ, 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಆ ನಗರದಲ್ಲಿ ಬೆಳೆಯುತ್ತಿದ್ದರೇ? 1950ರ ಸಾಹಿತ್ಯ ಸಮ್ಮೇಳನ ಅಲ್ಲಿ ಸೇರುತ್ತಿತ್ತೇ?

ಈ ವಾದಕ್ಕೆ ಮಿತಿಗಳಿವೆ. ನಂದಿಧ್ವಜ ಹೊರುವವರಲ್ಲಿ ಕನ್ನಡಿಗರಲ್ಲದವರೂ ಇದ್ದಾರೆ. ಜಾತ್ರೆ ಇಂದು ಸಕಲರದು, ಅದನ್ನು ಕನ್ನಡದ ಸೊತ್ತೆಂದು ಬೇಲಿ ಹಾಕುವುದು ಇತಿಹಾಸಕ್ಕೂ ಸಿದ್ಧರಾಮನಿಗೂ ಅನ್ಯಾಯ. ಕ್ಷೇತ್ರದ ದಿಕ್ಕು ಭಾಷೆಯನ್ನು ತಾನಾಗಿ ನಿರ್ಧರಿಸುತ್ತದೆ ಎಂದೂ ಹೇಳಲಾಗದು. 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರಿಂದಾಗಿ ಅಕ್ಕಲಕೋಟೆಯೇ ಮರಾಠಿ ಭಕ್ತರ ದೊಡ್ಡ ಯಾತ್ರಾಸ್ಥಳ. ಅಲ್ಲಿಂದ ಅವರು ಕನ್ನಡ ನಾಡಿನೊಳಗಿನ ಗಾಣಗಾಪುರಕ್ಕೂ ಹೋಗುತ್ತಾರೆ. ಆ ಯಾತ್ರೆಯಿಂದ ಗಾಣಗಾಪುರದ ಸುತ್ತಲಿನ ಹಳ್ಳಿಗಳು ಮರಾಠಿಯಾಗಲಿಲ್ಲ. ಬಂದು ಹೋಗುವ ಯಾತ್ರಿಕರಿಗೂ ಹೋಗಿ ಬರುವ ರೈತರಿಗೂ ವ್ಯತ್ಯಾಸವಿದೆ ಎಂಬುದು ನನ್ನ ಉತ್ತರ: ಮೊದಲನೆಯವರು ಊಟ-ವಸತಿಗೆ ರೊಕ್ಕ ಕೊಟ್ಟು ಹೋಗುತ್ತಾರೆ, ಎರಡನೆಯವರು ಸಾಲ, ಬೀಜ, ಬೀಗತನ ಹೊತ್ತು ಮರಳುತ್ತಾರೆ.

ಈ ವಾದ ನಿಂತರೆ ಆಯೋಗದ ರೇಖೆಯನ್ನು ಬೇರೆ ಬಗೆಯಲ್ಲಿ ಓದಬೇಕಾಗುತ್ತದೆ. ಹಳ್ಳಿಗಳ ಎಣಿಕೆಯಲ್ಲಿ ಅದು ತಪ್ಪಿರಲಿಕ್ಕಿಲ್ಲ. ನಗರದ ಬಹುಭಾಷಿಕತೆ ನೋಡಿದರೆ ಬೇರೆ ತೀರ್ಮಾನಕ್ಕೆ ಆಸ್ಪದವೂ ಇರಲಿಲ್ಲ. ಆದರೆ ಆ ರೇಖೆ ಕನ್ನಡದ ಹಳ್ಳಿಗಳನ್ನು ಅವುಗಳ ಕನ್ನಡದ ಪೇಟೆಯಿಂದಲೇ ಬೇರ್ಪಡಿಸುತ್ತಿತ್ತು. 2022ರಲ್ಲಿ ಗಡಿವಾದ ಮತ್ತೆ ಎದ್ದಾಗ ಎರಡೂ ರಾಜ್ಯಗಳ ಮಾತುಗಾರರು ಇದನ್ನು ಗಮನಿಸಲಿಲ್ಲ.

ಪರೀಕ್ಷೆಗೆ ಒಳಪಡಬೇಕಾದ ಸಾಮಗ್ರಿ ಇನ್ನೂ ಬಹಳವಿದೆ, ಎಲ್ಲಕ್ಕಿಂತ ಮೊದಲು ಅಡತಿ ಅಂಗಡಿಗಳ ಹಳೆಯ ವಹಿಗಳು. ಮುಂಬಯಿ ಕರ್ನಾಟಕದಲ್ಲಿ ಕನ್ನಡ ಮಾತಾಡುವ ವ್ಯಾಪಾರಿಗಳೂ ಲೆಕ್ಕವನ್ನು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದುದುಂಟು. ಸೊಲ್ಲಾಪುರ, ದುಧನಿಗಳಲ್ಲೂ ಹಾಗೇ ಇದ್ದರೆ ಪೇಟೆ ಮಾತಿನಲ್ಲಿ ಕನ್ನಡವನ್ನು ಉಳಿಸಿ ಬರಹದಲ್ಲಿ ಬಿಟ್ಟುಕೊಟ್ಟಿತು ಎನ್ನಬೇಕಾಗುತ್ತದೆ; ಆಗ ಇಲ್ಲಿ ಪೇಟೆಗೆ ಕೊಟ್ಟ ಶ್ರೇಯದ ಒಂದು ಭಾಗವನ್ನು ಮಠಗಳಿಗೂ ಶಾಲೆಗಳಿಗೂ ಹಂಚಬೇಕಾದೀತು.